ಅಳೆದವರ ಹೆಸರೂ ದಾಖಲೆಯಲ್ಲಿರಲಿ: ಭೂಮಾಪನ ಇಲಾಖೆಯ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ, ಬೆಂಗಳೂರು

ಮಾನ್ಯರೇ,

ನಾವು ಸರ್ಕಾರಿ ಭೂಮಾಪಕರ ಮಕ್ಕಳು. ನಮ್ಮ ಅಪ್ಪಂದಿರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಉಳಿದವರಲ್ಲಿ ಬಹಳ ಜನಕ್ಕೆ ಎಂಬತ್ತರ ಆಸುಪಾಸು. ನಿವೃತ್ತಿಯ ದಿನ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟಿರಿ. ಆ ಗೌರವವನ್ನು ನಮ್ಮ ಮನೆಗಳು ಮರೆತಿಲ್ಲ. ಈಗ ನಾವು ಕೇಳುತ್ತಿರುವುದು ಅವರ ಕೆಲಸಕ್ಕೆ ಸಲ್ಲಬೇಕಾದದ್ದು. ಅದಕ್ಕೆ ಹೆಚ್ಚು ಖರ್ಚಿಲ್ಲ. ಆದರೆ ಹೆಚ್ಚು ಸಮಯವೂ ಇಲ್ಲ.

ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಲಾಗುತ್ತಿದೆ. ಭೂಮಾಪಕರ ಕೈಗೆ ಉಪಗ್ರಹ ಹಿಡಿದು ಅಳೆಯುವ ರೋವರ್ ಬಂದಿದೆ. ಎರಡೂ ಬೇಕಾದ ಕೆಲಸಗಳೇ, ನಮ್ಮ ಅಪ್ಪಂದಿರೂ ಹಾಗೆಂದೇ ಹೇಳುತ್ತಾರೆ. ಕೊರತೆ ಇರುವುದು ಎರಡರ ನಡುವೆ. ಹೊಲದ ಅಳತೆಯನ್ನು ಬರೆದಿಟ್ಟ ಟಿಪ್ಪಣಿಯ ಅಂಕಿಗೂ ಹೊಲದ ಮೂಲೆಯ ಬಾಂದು ಕಲ್ಲಿಗೂ (ಗಡಿ ಕಲ್ಲು) ಇರುವ ಸಂಬಂಧ, ಆ ಕಲ್ಲಿಗೂ ರೋವರ್ ಕೊಡುವ ಅಕ್ಷಾಂಶ ರೇಖಾಂಶಕ್ಕೂ ಇರಬೇಕಾದ ಸಂಬಂಧ ಎಲ್ಲಿಯೂ ಬರಹದಲ್ಲಿಲ್ಲ. ಅದು ಇರುವುದು ಸರಪಳಿ ಎಳೆದವರ ತಲೆಯಲ್ಲಿ. ಹೊಸ ಯಂತ್ರಕ್ಕೆ ಹಳೆಯ ಅಂಕಿಯನ್ನು ಹಾಗೇ ತುಂಬಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇವೆ. ಇಲಾಖೆಯ ಹಿರಿಯರಿಗೆ ಇದರಲ್ಲಿ ಹೊಸದೇನಿಲ್ಲ. ಪತ್ರ ಓದುವ ರೈತರಿಗೂ, ಈಗಷ್ಟೇ ಕೆಲಸಕ್ಕೆ ಸೇರಿದ ಪರವಾನಗಿ ಭೂಮಾಪಕರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇವೆ.

ಮುಂಬೈ ಪದ್ಧತಿಯ ಮೋಜಣಿ, ಅಂದರೆ ಭೂಮಿಯ ಅಳತೆ, ಹಳೇ ಮೈಸೂರು ಸೀಮೆಯಲ್ಲಿ ಶುರುವಾದದ್ದು 1863ರಲ್ಲಿ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡದ ಕಡೆ ಅದಕ್ಕೂ ಮೊದಲೇ ನಡೆದಿತ್ತು. ಈ ಸೀಮೆಗಳಲ್ಲಿ ಅಳತೆಯ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಆಣೆ ಎಂದರೆ 2 ಅಡಿ ಮುಕ್ಕಾಲು ಅಂಗುಲ. ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ಬರುವುದು ನೇರವಾಗಿ ಗುಂಟೆ: 33 ಅಡಿ ಚದರ, 1089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಹೊಲದಲ್ಲಿ ನಿಂತು ಬಾಯಲ್ಲೇ ಲೆಕ್ಕ ಹಾಕಬಹುದಾದ ಇಷ್ಟು ಚೊಕ್ಕ ಕ್ರಮ ಇನ್ನೊಂದಿಲ್ಲ. ಮದ್ರಾಸ್ ಪ್ರಾಂತ್ಯದಿಂದ ಬಂದ ದಕ್ಷಿಣ ಕನ್ನಡದ ದಾರಿಯೇ ಬೇರೆ. ಅಲ್ಲಿ ಸೆಂಟ್ಸ್ ಲೆಕ್ಕ, ಟಿಪ್ಪಣಿಯ ಬದಲು ಹೊಲದ ಅಳತೆ ಪುಸ್ತಕವಾದ ಎಫ್‌ಎಂಬಿ. ಆ ಭಾಗದ ಮಾತನ್ನು ಅಲ್ಲಿ ಕೆಲಸ ಮಾಡಿದವರ ಮಕ್ಕಳೇ ಹೇಳಬೇಕು. ಈ ಪತ್ರದಲ್ಲಿರುವುದು ಗುಂಟೆ, ಆಣೆಯ ಸೀಮೆಯ ಮಾತು.

ಅಳತೆಯ ಕಾಲ ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಮುಂಗಾರು ಬೀಳುವ ಮುಂಚೆ. ಪೈರು ನಿಂತಿರುವಾಗ ಸರಪಳಿ ನೇರ ಹೋಗುವುದಿಲ್ಲ. ಆದ್ದರಿಂದ ಬಿರು ಬೇಸಿಗೆಯೇ ಅಪ್ಪಂದಿರ ಹೊಲದ ಕಾಲ, ಮಳೆಗಾಲ ಕುಳಿತು ವಿಸ್ತೀರ್ಣ ತೆಗೆಯುವ ಕಾಲ. ಬೆಳಗಾಗುತ್ತಲೇ ಹೊರಟು, ಪಕ್ಕದ ಹೊಲದವರಿಗೆ ನೋಟಿಸು ಮುಟ್ಟಿದೆಯೇ ಎಂದು ಮೊದಲು ನೋಡಿ, ಹಳೆಯ ಕಲ್ಲುಗಳನ್ನು ಹುಡುಕಿ, ಆಮೇಲೆ ಸರಪಳಿ ಬಿಚ್ಚುತ್ತಿದ್ದರು. ಉದ್ದನೆಯ ಎರಡು ಮೂಲೆಗಳ ನಡುವೆ ಒಂದು ಮೂಲ ಗೆರೆ. ಆ ಗೆರೆಯ ಮೇಲೆ ಕ್ರಾಸ್ ಸ್ಟಾಫ್ (ಲಂಬ ದಿಕ್ಕು ನೋಡುವ ಕೋಲು) ನೆಟ್ಟು, ಬದುವಿನ ಪ್ರತಿ ತಿರುವಿಗೂ ಲಂಬಕೋನದಲ್ಲಿ ಅಡ್ಡ ಅಳತೆ. ಗೆರೆಯ ಮೇಲಿನ ದೂರ ಒಂದು, ಅಡ್ಡ ದೂರ ಇನ್ನೊಂದು. ಟಿಪ್ಪಣಿ ಎಂದರೆ ಈ ಅಂಕಿಗಳ ಚಿತ್ರ. ಅದು ಪ್ರಮಾಣಕ್ಕೆ ಬರೆದ ನಕ್ಷೆಯಲ್ಲ, ಅದರ ಗೆರೆಯ ಮೇಲೆ ಸ್ಕೇಲು ಇಟ್ಟು ಅಳೆಯಬಾರದು. ಅಂಕಿ ಹೇಳಿದ್ದೇ ಮಾತು. ಸಂಜೆ ಮನೆಯಲ್ಲಿ ಹೊಲವನ್ನು ತ್ರಿಕೋನ, ಪಟ್ಟಿಗಳಾಗಿ ಒಡೆದು ವಿಸ್ತೀರ್ಣ ತೆಗೆಯುತ್ತಿದ್ದರು. ಎಲ್ಲ ಹಿಸ್ಸೆಗಳ (ಪಾಲುಗಳ) ಮೊತ್ತಕ್ಕೆ ಸಾಗುವಳಿಗೆ ಸೇರದ ಖರಾಬು ಸೇರಿಸಿದರೆ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣವಿರುವ ದಾಖಲೆಯಾದ ಆಕಾರಬಂದ್‌ನ ಒಟ್ಟಿಗೆ ತಾಳೆಯಾಗಬೇಕು, ಆಗದಿದ್ದರೆ ಮತ್ತೆ ಹೊಲಕ್ಕೆ. ತಾಳೆಯಾಗದ ಲೆಕ್ಕವನ್ನು ಮೇಜಿನ ಮೇಲೆ ಸರಿಪಡಿಸಿ ಸಹಿ ಹಾಕುವ ಸುಲಭ ದಾರಿ ಅಂದೂ ಇತ್ತು. ಅದನ್ನು ಹಿಡಿಯದವರ ಮಕ್ಕಳು ನಾವು, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

ಈಗ ಮುಖ್ಯ ತೊಡಕಿಗೆ ಬರೋಣ. ಟಿಪ್ಪಣಿಯಲ್ಲಿ ಒಂದು ಹೊಲದ ಉದ್ದ 12 ಸರಪಳಿ 8 ಆಣೆ, ಅಗಲ 8 ಸರಪಳಿ ಎಂದಿದೆ ಅನ್ನಿ. ವಿಸ್ತೀರ್ಣ 100 ಗುಂಟೆ, ಅಂದರೆ 2 ಎಕರೆ 20 ಗುಂಟೆ. ಉದ್ದವನ್ನು ಮೀಟರಿಗೆ ತಂದರೆ 125.73. ಹೊಸ ಭೂಮಾಪಕ ಎರಡು ಮೂಲ ಕಲ್ಲುಗಳ ಮೇಲೆ ರೋವರ್ ಇಡುತ್ತಾನೆ. ಯಂತ್ರ 126.36 ಮೀಟರ್ ತೋರಿಸುತ್ತದೆ. ವ್ಯತ್ಯಾಸ 63 ಸೆಂಟಿಮೀಟರ್. ಸರಪಳಿ ಎಳೆದು ಎಳೆದು ಅದರ ಬಳೆಗಳು ಬಾಯಿ ಬಿಡುತ್ತವೆ, ಕೊಂಡಿಗಳು ಸವೆಯುತ್ತವೆ. 33 ಅಡಿಯ ಸರಪಳಿ ಎರಡು ಅಂಗುಲ ಉದ್ದವಾಗಿದ್ದರೆ ಹನ್ನೆರಡೂವರೆ ಸರಪಳಿಯಲ್ಲಿ 25 ಅಂಗುಲ ಕೂಡುತ್ತದೆ. ಅದೇ ಈ 63 ಸೆಂಟಿಮೀಟರ್. ಅಗಲದಲ್ಲೂ ಅದೇ ಪ್ರಮಾಣ ಕೂಡುವುದರಿಂದ ನೂರು ಗುಂಟೆಯ ಹೊಲ ಯಂತ್ರದ ಲೆಕ್ಕದಲ್ಲಿ ಹತ್ತಿರ ಹತ್ತಿರ 101 ಗುಂಟೆ. ಯಾರೂ ಒತ್ತುವರಿ ಮಾಡಿಲ್ಲ, ಯಾರೂ ಕಲ್ಲು ಸರಿಸಿಲ್ಲ. ಆದರೆ ದಾಖಲೆಗಿಂತ ಒಂದು ಗುಂಟೆ ಹೆಚ್ಚು ಎಂದು ಕಂಡೊಡನೆ ಪಕ್ಕದವನ ಕಣ್ಣು ಅದರ ಮೇಲೆ ಬೀಳುತ್ತದೆ.

ಇನ್ನೂ ಕೆಟ್ಟದ್ದು ನಡುವಿನ ಕಲ್ಲಿನ ವಿಷಯ. ಇದೇ ಗೆರೆಯ ಮೇಲೆ ಒಂದು ತುದಿಯಿಂದ 5 ಸರಪಳಿಗೆ ಹಿಸ್ಸಾ ಕಲ್ಲು ಇತ್ತು, ಈಗ ಕಿತ್ತುಹೋಗಿದೆ. ಅಣ್ಣ ಕರೆಸಿದ ಭೂಮಾಪಕ ಪೂರ್ವದ ತುದಿಯಿಂದ 5 ಸರಪಳಿಗೆ 50.29 ಮೀಟರ್ ಅಳೆದು ಕಲ್ಲು ನೆಡುತ್ತಾನೆ. ತಮ್ಮ ಕರೆಸಿದವನು ಪಶ್ಚಿಮದ ತುದಿಯಿಂದ ಏಳೂವರೆ ಸರಪಳಿಗೆ 75.44 ಮೀಟರ್ ಅಳೆಯುತ್ತಾನೆ. ಇಬ್ಬರದೂ ಟಿಪ್ಪಣಿಗೆ ಸರಿಯಾಗಿಯೇ ಇದೆ. ನಡುವೆ ಮಾತ್ರ 63 ಸೆಂಟಿಮೀಟರ್ ಅಗಲದ, ಯಾರಿಗೂ ಸೇರದ ಒಂದು ಪಟ್ಟಿ ಉಳಿಯುತ್ತದೆ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಲ್ಲುವುದು ಇಂಥ ಪಟ್ಟಿಯ ಮೇಲೆಯೇ. ನಮ್ಮ ಅಪ್ಪಂದಿರು ಇದಕ್ಕೆ ಮಾಡುತ್ತಿದ್ದದ್ದು ಸರಳ: ತಕರಾರಿಲ್ಲದ ಎರಡು ಕಲ್ಲುಗಳ ನಡುವೆ ಇಂದು ಎಷ್ಟು ಬರುತ್ತದೋ ಅದನ್ನು ಟಿಪ್ಪಣಿಯ ಅಂಕಿಗಳ ಪ್ರಮಾಣದಲ್ಲೇ ಹಂಚುವುದು. ಹನ್ನೆರಡೂವರೆಯಲ್ಲಿ ಐದು ಎಂದರೆ ಹತ್ತರಲ್ಲಿ ನಾಲ್ಕು ಪಾಲು. 126.36ರಲ್ಲಿ ನಾಲ್ಕು ಪಾಲು 50.54 ಮೀಟರ್. ಕಲ್ಲು ಅಲ್ಲಿ. ಹೆಚ್ಚಾದದ್ದು ಇಬ್ಬರಿಗೂ ಅವರವರ ಪಾಲಿನಷ್ಟು ಹೋಯಿತು, ಪಟ್ಟಿ ಉಳಿಯಲಿಲ್ಲ. ಹೊಸಬರ ತರಬೇತಿಯಲ್ಲಿ ರೋವರ್ ಗುಂಡಿ ಒತ್ತುವುದನ್ನು ಕಲಿಸುವ ಮೊದಲ ದಿನವೇ ಈ ಪ್ರಮಾಣದ ಹಂಚಿಕೆಯನ್ನೂ ಕಲಿಸಬೇಕು.

ಇಳಿಜಾರಿನ ನೆಲದಲ್ಲಿ ಸರಪಳಿಯನ್ನು ನೆಲಕ್ಕೆ ಒರಗಿಸಿ ಎಳೆದರೆ ಅಳತೆ ಸುಳ್ಳಾಗುತ್ತದೆ. ಹತ್ತು ಅಡಿಗೆ ಒಂದು ಅಡಿ ಇಳಿಯುವ ಹೊಲದಲ್ಲಿ ಸರಪಳಿಗೆ ಎರಡು ಅಂಗುಲದಂತೆ 20 ಸರಪಳಿಗೆ ಮೂರು ಅಡಿಗೂ ಮೀರಿ ಹೋಗುತ್ತದೆ. ಹಾಗಾಗಿ ಮಲೆನಾಡಿನ ಅಳತೆಯಲ್ಲಿ ಸರಪಳಿಯ ಒಂದು ತುದಿಯನ್ನು ಎತ್ತಿ ಸಮಮಟ್ಟಕ್ಕೆ ಹಿಡಿದು, ತೂಗುಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರು. ಯಾವ ಹೊಲದಲ್ಲಿ ಹೀಗೆ ಮಾಡಿದರು, ಯಾವುದರಲ್ಲಿ ಮಾಡಲಾಗಲಿಲ್ಲ ಎಂಬುದು ಟಿಪ್ಪಣಿ ನೋಡಿದರೆ ಗೊತ್ತಾಗುವುದಿಲ್ಲ. ಅಳೆದವರನ್ನು ಕೇಳಿದರೆ ಗೊತ್ತಾಗುತ್ತದೆ. ಇದೇ ಮಲೆನಾಡಿನ ಅಡಿಕೆ ತೋಟ, ಕಾಫಿ ತೋಟದ ನೆರಳಲ್ಲಿ ರೋವರ್‌ಗೆ ಆಕಾಶ ಸರಿಯಾಗಿ ಸಿಗುವುದಿಲ್ಲ. ಎಲೆಗೆ, ಕಾಂಡಕ್ಕೆ ಬಡಿದು ಬರುವ ಸಂಕೇತದಿಂದ ಬಿಂದು ಓಲಾಡುತ್ತದೆ. ಅಂಥಲ್ಲಿ ಬಯಲಿನ ಎರಡು ಬಿಂದುಗಳನ್ನು ರೋವರ್‌ನಲ್ಲಿ ಹಿಡಿದು, ಒಳಗಿನ ಕಲ್ಲುಗಳಿಗೆ ಉಪಗ್ರಹದ ಹಂಗಿಲ್ಲದೆ ದೂರ, ಕೋನ ಅಳೆಯುವ ಟೋಟಲ್ ಸ್ಟೇಷನ್‌ನಿಂದ ಹೋಗುವುದೇ ಸರಿ.

ಕಲ್ಲು ಅದರ ಜಾಗದಲ್ಲೇ ಇದೆಯೇ ಎಂದು ನೋಡುವುದೂ ಒಂದು ವಿದ್ಯೆ. ಹಳೆಯ ಬಾಂದು ಕಲ್ಲಿನ ಹೆಚ್ಚು ಭಾಗ ಮಣ್ಣೊಳಗಿರುತ್ತದೆ, ಮೇಲಿನ ಭಾಗಕ್ಕೆ ಕಲ್ಲುಹೂವು ಹತ್ತಿರುತ್ತದೆ. ಕಲ್ಲುಹೂವಿನ ಅಂಚು ಇಂದಿನ ನೆಲದ ಮಟ್ಟಕ್ಕೆ ಸಮನಾಗಿಲ್ಲದೆ ಓರೆಯಾಗಿದ್ದರೆ, ಅಥವಾ ಬುಡದ ಮಣ್ಣು ಗುದ್ದಲಿಗೆ ಸಡಿಲವಾಗಿ ಬಂದರೆ, ಕಲ್ಲು ಯಾವಾಗಲೋ ಎದ್ದು ಕುಳಿತಿದೆ ಎಂದರ್ಥ. ಒಂದೇ ಕಲ್ಲನ್ನು ನಂಬಿ ಅಳತೆ ಶುರು ಮಾಡಬಾರದು. ಎರಡು ಕಲ್ಲು ಸಿಕ್ಕರೆ ದೂರ ಪರೀಕ್ಷೆಯಾಗುತ್ತದೆ, ಮೂರು ಸಿಕ್ಕರೆ ತಪ್ಪಿದ ಕಲ್ಲು ಯಾವುದೆಂದೂ ತಿಳಿಯುತ್ತದೆ. ಕಲ್ಲೇ ಸಿಗದ ಕಡೆ ಬಾವಿಯ ಕಟ್ಟೆ, ಗುಡಿಯ ಮೂಲೆ, ಬಂಡೆಯ ಮೇಲೆ ಕೊರೆದ ಗುರುತು ಸಾಕ್ಷಿಗೆ ಬರುತ್ತವೆ. ಮೂರು ಊರಿನ ಗಡಿ ಕೂಡುವ ಕಲ್ಲಿನ ಬೆಲೆಯಂತೂ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಅದು ಮೂರು ಗ್ರಾಮಗಳ ದಾಖಲೆಯಲ್ಲೂ ಇದೆ. ಇವು ರಸ್ತೆ ಅಗಲೀಕರಣ, ಲೇಔಟು, ಜೆಸಿಬಿಗಳಿಗೆ ಸಿಕ್ಕಿ ಹೋಗುತ್ತಿವೆ.

ಆದ್ದರಿಂದ ನಮ್ಮ ಮೊದಲ ಕೋರಿಕೆ ಇದು. ಪ್ರತಿ ಗ್ರಾಮದಲ್ಲಿ ಮರುಮೋಜಣಿ ಶುರುವಾಗುವ ಮೊದಲು, ಆ ತಾಲ್ಲೂಕಿನಲ್ಲಿ ಕೆಲಸ ಮಾಡಿದ ನಿವೃತ್ತ ಭೂಮಾಪಕರನ್ನೂ ಸರಪಳಿ ಹಿಡಿದ ಸಹಾಯಕರನ್ನೂ ಕರೆದುಕೊಂಡು ಹೋಗಿ ಉಳಿದಿರುವ ಮೂಲ ಕಲ್ಲುಗಳನ್ನು ತೋರಿಸಿಕೊಳ್ಳಿ. ಒಂದೊಂದು ಕಲ್ಲಿಗೂ ರೋವರ್ ಬಿಂದು, ನಾಲ್ಕು ದಿಕ್ಕಿನ ಫೋಟೊ, ಟಿಪ್ಪಣಿಯಲ್ಲಿ ಅದು ಯಾವ ಮೂಲೆ ಎಂಬ ಗುರುತು, ಕಲ್ಲಿನ ಸ್ಥಿತಿ: ಗಟ್ಟಿ, ಸಡಿಲ, ಬಿದ್ದಿದೆ, ಇಲ್ಲ. ಇಷ್ಟನ್ನು ಒಂದೆಡೆ ಸೇರಿಸಿದರೆ ಊರಿಗೆ ಊರೇ ಹಿಡಿಯುವ ಆಧಾರ ಬಿಂದುಗಳಾಗುತ್ತವೆ. ವಯಸ್ಸಾದವರನ್ನು ಬಿಸಿಲಲ್ಲಿ ನಡೆಸಬೇಕಾಗಿಲ್ಲ. ಗ್ರಾಮ ನಕ್ಷೆಯನ್ನೂ ಟಿಪ್ಪಣಿಯನ್ನೂ ಮುಂದಿಟ್ಟರೆ ಯಾವ ಕಲ್ಲನ್ನು ಎಲ್ಲಿ ಹುಡುಕಬೇಕೆಂದು ಕೂತಲ್ಲಿಂದಲೇ ಹೇಳಬಲ್ಲವರು ಇದ್ದಾರೆ. ಹೋಗಿ ಬರುವ ವಾಹನ, ಒಂದು ದಿನದ ಗೌರವಧನ ಕೊಟ್ಟರೆ ಸಾಕು.

ಸ್ಕ್ಯಾನಿಂಗ್ ಬಗ್ಗೆ ಎರಡು ಮಾತು. ದಯವಿಟ್ಟು ಟಿಪ್ಪಣಿಗಳನ್ನೂ ‘ಪ್ರತಿ ಪುಸ್ತಕ’ ಎಂಬ ಮೋಜಣಿ ಪುಸ್ತಕಗಳನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಆಮೇಲಿನ ಹಿಸ್ಸೆ, ತಿದ್ದುಪಡಿಗಳು ಹೆಚ್ಚಾಗಿ ಕೆಂಪು ಶಾಯಿಯಲ್ಲಿವೆ. ಕಪ್ಪು ಬಿಳುಪಿನಲ್ಲಿ ಮೂಲ ಗೆರೆ ಯಾವುದು, ಮಧ್ಯೆ ಬಂದದ್ದು ಯಾವುದು ಎಂಬ ಭೇದವೇ ಅಳಿದುಹೋಗುತ್ತದೆ. ಪೆನ್ಸಿಲಿನ ಬರಹ ಮಾಯವಾಗುತ್ತದೆ. ಮಡಿಚಿದ ಅಂಚನ್ನು ಬಿಡಿಸದೆ ಸ್ಕ್ಯಾನ್ ಮಾಡಿದರೆ ಅಡ್ಡ ಅಳತೆಯ ಅಂಕಿಗಳು ಮಡಿಕೆಯೊಳಗೇ ಉಳಿಯುತ್ತವೆ, ಅವು ಇರುವುದೇ ಅಂಚಿನಲ್ಲಿ. ಹಿಂಬದಿ ಖಾಲಿ ಕಂಡರೂ ಸ್ಕ್ಯಾನ್ ಆಗಲಿ. ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಇನ್ನೊಂದು ಅಪಾಯವಿದೆ. ಹಳೆಯ ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಕಾಲು, ಅರ್ಧ, ಮುಕ್ಕಾಲನ್ನು ಗೀಟುಗಳಲ್ಲಿ ಬರೆಯುವ ಪದ್ಧತಿ ಇತ್ತು: ನಿಂತ ಒಂದು ಗೀಟು ಕಾಲು, ಎರಡು ಗೀಟು ಅರ್ಧ. ಗೊತ್ತಿಲ್ಲದವರು ಎರಡು ಗೀಟನ್ನು ಹನ್ನೊಂದು ಎಂದು ಓದುತ್ತಾರೆ. ಕಿತ್ತೂರು ಕರ್ನಾಟಕದ ಹಳೆಯ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿ ಬರುತ್ತದೆ, ಕಲ್ಯಾಣ ಕರ್ನಾಟಕದ್ದರಲ್ಲಿ ಉರ್ದು. ಒಬ್ಬರು ಏರಿಸಿದ್ದನ್ನು ನೋಡದೆ ಇನ್ನೊಬ್ಬರು ಬೇರೆಯಾಗಿ ಏರಿಸಿ, ಎರಡನ್ನೂ ಹೋಲಿಸಿ, ಹೊಂದದ ಅಂಕಿಯನ್ನು ಮಾತ್ರ ಬಲ್ಲವರ ಮುಂದಿಟ್ಟರೆ ಕೆಲಸ ಹಗುರ.

ಪೋಡಿಯ, ಅಂದರೆ ಒಂದು ಸರ್ವೆ ನಂಬರನ್ನು ಅಳೆದು ಹಿಸ್ಸೆಗಳಾಗಿ ಬೇರ್ಪಡಿಸುವ, ವಿಷಯಕ್ಕೆ ಬಂದರೆ, ಪಹಣಿಯ ಮೊತ್ತ ಆಕಾರಬಂದ್‌ನ ವಿಸ್ತೀರ್ಣಕ್ಕಿಂತ ಹೆಚ್ಚಿರುವ ಸರ್ವೆ ನಂಬರುಗಳು ಹಲವು ತಾಲ್ಲೂಕುಗಳಲ್ಲಿ ಇವೆ. ಇದನ್ನು ಅಳೆದವರ ತಪ್ಪೆಂದು ಜನ ತಿಳಿದಿದ್ದಾರೆ. ಬಹುತೇಕ ಕಡೆ ಅಲ್ಲಿ ಅಳತೆಯೇ ನಡೆದಿಲ್ಲ. ಗೋಮಾಳದ ದೊಡ್ಡ ನಂಬರಿನಲ್ಲಿ ಒಬ್ಬರಾದ ಮೇಲೊಬ್ಬರಿಗೆ ದರ್ಖಾಸ್ತಿನಲ್ಲಿ (ಸರ್ಕಾರಿ ಜಮೀನಿಗೆ ಹಾಕಿದ ಅರ್ಜಿ) ಮಂಜೂರು ಮಾಡುವಾಗ ಅಂದಾಜು ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರೆದರು, ಒಳಗಿದ್ದ ಹಳ್ಳ, ಬಂಡೆ, ದಾರಿಯ ಖರಾಬನ್ನು ಕಳೆಯಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಭೂನ್ಯಾಯ ಮಂಡಳಿಗಳು ಗೇಣಿದಾರರಿಗೆ ಇಂತಿಷ್ಟು ಎಕರೆ ಎಂದು ಆದೇಶ ಕೊಟ್ಟವು. ಆ ಮಹಾ ಕೆಲಸದ ಭಾರ ಹೊಲದಲ್ಲಿ ಬಿದ್ದದ್ದು ನಮ್ಮ ಅಪ್ಪಂದಿರ ಮೇಲೆ. ಗೇಣಿದಾರ ಉಳುತ್ತಿದ್ದ ಭಾಗ ಯಾವುದೆಂದು ಎರಡೂ ಕಡೆಯವರ ಎದುರು ನಿಂತು ತೋರಿಸಿ, ಅಳೆದು, ಮಹಜರಿಗೆ ಸಹಿ ಹಾಕಿಸಬೇಕಿತ್ತು. ಉಳುವವನಿಗೆ ಭೂಮಿ ನಿಜವಾಗಿ ಸೇರಿದ್ದು ಈ ಅಳತೆ ಮುಗಿದ ದಿನ. ಅಳತೆ ಆಗದೆ ಉಳಿದ ಕಡೆ ಇಂದಿಗೂ ಹಿಸ್ಸೆ ಬೇರ್ಪಡದ ಪೈಕಿ ಪಹಣಿ, ಪಿ1, ಪಿ2 ಎಂಬ ನಂಬರು ನಡೆಯುತ್ತಿದೆ. ಅಂಥ ನಂಬರುಗಳಲ್ಲಿ ಪೋಡಿ ಮಾಡುವಾಗ ಮಂಜೂರಾತಿ ಕಡತವನ್ನೂ ಅನುಭವದಲ್ಲಿರುವ ಜಾಗವನ್ನೂ ಒಟ್ಟಿಗೆ ನೋಡಬೇಕು. ಬರೀ ಪಹಣಿಯ ಅಂಕಿ ಹಿಡಿದು ನಕ್ಷೆ ಬರೆದರೆ ಕೊನೆಯ ಹಿಸ್ಸೆದಾರನಿಗೆ ನೆಲವೇ ಉಳಿಯುವುದಿಲ್ಲ. ಖರಾಬಿನಲ್ಲೂ ಎಚ್ಚರ ಬೇಕು. ಸಾಗುವಳಿಗೆ ಬಾರದ ‘ಎ’ ಖರಾಬು ಹಿಡುವಳಿಯ ಜೊತೆಗೇ ಇರುತ್ತದೆ, ದಾರಿ, ಹಳ್ಳ, ಸ್ಮಶಾನದಂಥ ‘ಬಿ’ ಖರಾಬು ಸಾರ್ವಜನಿಕರದು. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಕೂಡಿಸಿದರೆ ಊರಿನ ಬಂಡಿದಾರಿ ಯಾರದೋ ಹೊಲದೊಳಗೆ ಸೇರುತ್ತದೆ.

ಜಮೀನುಳ್ಳ ಓದುಗರಿಗೂ ಒಂದು ಮಾತು. ಮೊಬೈಲಿನ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರು ತಿಳಿಯಲು ಬಹಳ ಉಪಯೋಗಿ, ಆದರೆ ಅದನ್ನು ನೋಡಿ ಬೇಲಿ ಹಾಕಬೇಡಿ. ಅದರ ಕೆಳಗಿರುವುದು ಹಳೆಯ ಗ್ರಾಮ ನಕ್ಷೆ, ಎಂಟು ಅಂಗುಲಕ್ಕೆ ಒಂದು ಮೈಲಿಯ ಪ್ರಮಾಣದ್ದು. ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂದರೆ ನೆಲದಲ್ಲಿ ನಾಲ್ಕು ಮೀಟರ್. ಗಡಿ ಬೇಕಾದರೆ ಇಲಾಖೆಯ ಮೋಜಿಣಿ ಸೇವೆಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸಲು) ಅರ್ಜಿ ಹಾಕಿ. ನಿಮ್ಮ ನಂಬರಿನ ಟಿಪ್ಪಣಿಯ ಜೊತೆ ಸುತ್ತಲಿನ ನಂಬರುಗಳ ಟಿಪ್ಪಣಿಯನ್ನೂ ಭೂಮಾಪಕರು ತಂದಿದ್ದಾರೆಯೇ ಎಂದು ವಿನಯದಿಂದ ಕೇಳಿ. ಒಂದೇ ಬದುವನ್ನು ಎರಡೂ ಟಿಪ್ಪಣಿಗಳು ಏನೆನ್ನುತ್ತವೆ ಎಂದು ನೋಡದೆ ಕಲ್ಲು ಹಾಕುವುದು ತಪ್ಪು. ಮನೆಯಲ್ಲಿ ಪಾಲಾಗುವುದಿದ್ದರೆ ಪತ್ರ ಬರೆಸುವ ಮೊದಲೇ ಪಾಲಾಗುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಆಗಲಿ. ಟ್ರ್ಯಾಕ್ಟರ್ ಉಳುವವರಿಗೆ ಬಾಂದು ಕಲ್ಲನ್ನು ಮೊದಲೇ ತೋರಿಸಿ, ಸುಣ್ಣ ಹಚ್ಚಿಡಿ.

ನಮ್ಮಂತೆಯೇ ಭೂಮಾಪಕರ ಮಕ್ಕಳಾದವರು ಅಪ್ಪನ ಹಳೆಯ ಟ್ರಂಕು ತೆರೆದು ನೋಡಿ. ಸ್ವಂತ ಉಪಯೋಗಕ್ಕೆ ಬರೆದಿಟ್ಟ ನೋಟ್‌ಪುಸ್ತಕಗಳು, ಊರೂರಿನ ಕಲ್ಲುಗಳ ಗುರುತು, ಲೆಕ್ಕದ ಹಾಳೆಗಳು ಇರಬಹುದು. ರದ್ದಿಗೆ ಹಾಕಬೇಡಿ. ಅವು ಸರ್ಕಾರಿ ದಾಖಲೆಯಲ್ಲ, ನ್ಯಾಯಾಲಯದಲ್ಲಿ ಟಿಪ್ಪಣಿಯ ಜಾಗಕ್ಕೆ ಬರುವುದಿಲ್ಲ. ಆದರೆ ಕಳೆದ ಕಲ್ಲನ್ನು ಎಲ್ಲಿ ಅಗೆದು ಹುಡುಕಬೇಕೆಂದು ಹೇಳಬಲ್ಲವು. ಇಲಾಖೆ ತಾಲ್ಲೂಕು ಮಟ್ಟದಲ್ಲಿ ಇವನ್ನು ರಸೀದಿ ಕೊಟ್ಟು ಪಡೆದು, ಪ್ರತಿ ಮಾಡಿಕೊಂಡು, ಮೂಲವನ್ನು ಮನೆಯವರಿಗೆ ಹಿಂದಿರುಗಿಸುವ ವ್ಯವಸ್ಥೆ ಮಾಡಬೇಕು. ಆ ಪುಸ್ತಕಗಳು ನಮಗೆ ಅಪ್ಪನ ಕೈಬರಹ. ಬಿಟ್ಟುಕೊಡುವುದು ಕಷ್ಟ, ಹಂಚಿಕೊಳ್ಳಲು ಸಂತೋಷವೇ.

ಕೊನೆಯದಾಗಿ, ಸ್ಕ್ಯಾನ್ ಆದ ಪ್ರತಿ ಟಿಪ್ಪಣಿಯ ದತ್ತಾಂಶದಲ್ಲಿ ಅಳೆದವರ ಹೆಸರು, ತಪಾಸಣೆ ಮಾಡಿದವರ ಹೆಸರು, ಅಳತೆಯ ದಿನಾಂಕ ಎಂದು ಮೂರು ಕಾಲಮ್ಮು ಸೇರಿಸಿ. ಟಿಪ್ಪಣಿಯ ಕೆಳಗೆ ಸಹಿ ಓದಲು ಬರುವ ಕಡೆಯಲ್ಲೆಲ್ಲ ಅದನ್ನು ತುಂಬಿಸಿ. ಮಕ್ಕಳಾದ ನಮಗೆ ಇದರಿಂದ ಸಿಗುವ ಸಮಾಧಾನ ದೊಡ್ಡದು, ಮುಚ್ಚಿಡುವುದಿಲ್ಲ. ಇಲಾಖೆಗೂ ಇದರ ಉಪಯೋಗವಿದೆ. ಒಬ್ಬ ಭೂಮಾಪಕ ಒಂದು ಬೇಸಿಗೆಯಲ್ಲಿ ಒಂದೇ ಸರಪಳಿಯಲ್ಲಿ ಅಕ್ಕಪಕ್ಕದ ಹತ್ತಾರು ನಂಬರು ಅಳೆದಿರುತ್ತಾನೆ. ಅವುಗಳಲ್ಲಿ ಕಲ್ಲು ಗಟ್ಟಿಯಾಗಿರುವ ಮೂರು ನಾಲ್ಕು ನಂಬರುಗಳಲ್ಲಿ ರೋವರ್ ಇಟ್ಟು ನೋಡಿದರೆ ಆ ಸರಪಳಿ ಆ ವರ್ಷ ಎಷ್ಟು ಹಿಗ್ಗಿತ್ತು ಎಂದು ಗೊತ್ತಾಗುತ್ತದೆ. ಅದೇ ಹೆಸರು, ಅದೇ ತಿಂಗಳ ಉಳಿದ ಟಿಪ್ಪಣಿಗಳಿಗೆ, ಕಲ್ಲೇ ಉಳಿಯದ ಹೊಲಗಳಿಗೂ, ಆ ಲೆಕ್ಕವನ್ನು ಹಿಡಿಯಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ನಿವೃತ್ತ ಹಾಗೂ ದಿವಂಗತ ಭೂಮಾಪಕರ ಮಕ್ಕಳು